ಯಿರ್ಗಚೆಫೆ ಬಾಯಿಗೆ ಬರುತ್ತೆ, ಚಿಕ್ಕಮಗಳೂರು ಬರಲ್ವಾ?

"ಇಂಟರ್‌ನ್ಯಾಶನಲ್ ಮಾರ್ಕೆಟಿಂಗ್ ಪ್ಲಾನ್" ಅನ್ನೋ ಮೂರು ಪದ ಕಿವಿಗೆ ಬಿದ್ರೆ ಸಾಕು, ಈಗೀಗ ನನಗೆ ಮೈ ಉರಿಯುತ್ತೆ. ಪದಗಳದ್ದೇನೂ ತಪ್ಪಿಲ್ಲ ಬಿಡಿ. ಆ ಹೆಸರಿಟ್ಟುಕೊಂಡು ನಮ್ಮ ಕಾಫಿ ಬೆಳೆಗಾರರ ಮುಂದೆ ಇಡ್ತಿರೋ ಸರಕು ನೋಡಿ ಈ ಉರಿ.

ನಮ್ಮ ಕಡೆಯ ಏಳೆಂಟು ಸಣ್ಣ ಬೆಳೆಗಾರರು ಸೇರಿಕೊಂಡು, ತಮ್ಮ ಕಾಫೀನ ತಾವೇ ಹೊರದೇಶಕ್ಕೆ ಮಾರೋಣ ಅಂತ ಹೊರಟರು. ನಮ್ಮ ಅಣ್ಣನೂ ಅದರಲ್ಲಿ ಒಬ್ಬ. ಬೆಂಗಳೂರಿನ ಒಬ್ಬ ಕನ್ಸಲ್ಟೆಂಟ್ ಮಹಾಶಯರಿಗೆ ದುಡ್ಡು ಕೊಟ್ಟು ಪ್ಲಾನ್ ಮಾಡಿಸಿದರು. ನಾನು ಹಲವು ವರ್ಷ ರಫ್ತಿನ ಕಾಗದಪತ್ರದ ಕೆಲಸ ಮಾಡಿದವನು ಅನ್ನೋ ಕಾರಣಕ್ಕೆ "ನೀನೊಂದು ಸಲ ಬಂದು ನೋಡು ಮಾರಾಯ" ಅಂತ ಕರೆದರು, ಹೋದೆ.

ನಲವತ್ತು ಸ್ಲೈಡು. ಮೊದಲಿನ ಹತ್ತರಲ್ಲಿ ಬಾಬಾ ಬುಡನ್ ಯೆಮನ್ನಿಂದ ಏಳು ಬೀಜ ಕದ್ದು ತಂದ ಕಥೆ. ಆಮೇಲಿನ ಹತ್ತರಲ್ಲಿ ಲೋಗೋ ಯಾವ ಬಣ್ಣದಲ್ಲಿರಬೇಕು ಅನ್ನೋದು. ಇನ್ನೊಂದು ಹತ್ತು ಇನ್‌ಸ್ಟಾಗ್ರಾಮು. ಉಳಿದದ್ದರಲ್ಲಿ ಪ್ರಪಂಚದ ನಕ್ಷೆ, ಅದರ ಮೇಲೆ ಚಿಕ್ಕಮಗಳೂರಿಂದ ಎಲ್ಲ ಖಂಡಕ್ಕೂ ಹಾರಿದ ಕೆಂಪು ಬಾಣಗಳು. ಒಂದು ಕೆಜಿ ಎಷ್ಟಕ್ಕೆ ಮಾರೋದು? ಎಲ್ಲೂ ಇಲ್ಲ. ಯಾರಿಗೆ ಮಾರೋದು? "ಯುರೋಪ್ ಅಂಡ್ ನಾರ್ತ್ ಅಮೆರಿಕಾ". ದುಡ್ಡು ಯಾವಾಗ ಬರುತ್ತೆ? ಕೇಳಲೇಬೇಡಿ.

ಇಷ್ಟೇ ಆಗಿದ್ರೆ ನಕ್ಕು ಸುಮ್ಮನಾಗ್ತಿದ್ದೆ. ಆದರೆ ಒಂದು ಸ್ಲೈಡಿತ್ತು ನೋಡಿ... "ಚಿಕ್ಕಮಗಳೂರು ಅನ್ನೋ ಹೆಸರು ವಿದೇಶಿಯರ ಬಾಯಿಗೆ ಬರಲ್ಲ, ಹಾಗಾಗಿ ಸುಲಭದ ಹೆಸರು ಇಡಬೇಕು" ಅಂತ. ಅವರು ಸೂಚಿಸಿದ್ದು ಮಂಜು, ಬೆಟ್ಟ, ಹಕ್ಕಿ ಎಲ್ಲ ಬರೋ ಥರದ ಒಂದು ಇಂಗ್ಲಿಷ್ ಹೆಸರು. ಅದನ್ನ ಊಟಿ ಚಾಕೊಲೇಟಿಗೂ ಇಡಬಹುದು, ಕೊಡೈಕನಾಲಿನ ಸೋಪಿಗೂ ಇಡಬಹುದು.

ಈ ಒಂದು ಸ್ಲೈಡಿನ ಮೇಲೆ ನನ್ನ ಜಗಳ. ಯಾಕಂದ್ರೆ ಅದು ಒಬ್ಬ ಕನ್ಸಲ್ಟೆಂಟಿನ ತಲೆಯಲ್ಲಿ ಮಾತ್ರ ಇರೋ ವಿಚಾರ ಅಲ್ಲ. ನೂರೈವತ್ತು ವರ್ಷಕ್ಕೂ ಮಿಕ್ಕಿ ಪ್ರಪಂಚಕ್ಕೆ ಕಾಫಿ ಮಾರಿಯೂ ನಮ್ಮೂರಿನ ಹೆಸರನ್ನ ಲೋಟದ ತನಕ ತಲುಪಿಸದ ಒಂದು ವ್ಯವಸ್ಥೆಯ ವಿಚಾರ ಅದು.

*

ಬಾಯಿಗೆ ಬರಲ್ಲ ಅಂದ್ರಲ್ಲ, ಯಿರ್ಗಚೆಫೆ ಅಂತ ಒಂದು ಸಲ ಹೇಳಿ ನೋಡೋಣ?

ಇಥಿಯೋಪಿಯಾದ ಒಂದು ಸಣ್ಣ ಊರು ಅದು. ಇವತ್ತು ಓಸ್ಲೋದಲ್ಲಿ, ಟೋಕಿಯೋದಲ್ಲಿ, ನಮ್ಮ ಇಂದಿರಾನಗರದಲ್ಲೂ ಕಾಫಿ ಅಂಗಡಿಗೆ ಹೋಗಿ ಆ ಹೆಸರು ಹೇಳಿ ಕಾಫಿ ಕೇಳೋ ಜನ ಇದ್ದಾರೆ. ಅವರ ಉಚ್ಚಾರಣೆ ಸರಿ ಇದೆಯಾ? ನನಗಂತೂ ಅನುಮಾನ. ಆದರೆ ಕೇಳ್ತಾರೆ, ದುಡ್ಡು ಕೊಡ್ತಾರೆ.

ಈ ಹೆಸರು ಸುಮ್ಮನೆ ಹೋಗಿ ಅಲ್ಲಿ ಕೂತದ್ದಲ್ಲ. 2005ರಲ್ಲಿ ಇಥಿಯೋಪಿಯಾ ಸರ್ಕಾರ ಯಿರ್ಗಚೆಫೆ, ಸಿದಾಮೋ, ಹರಾರ್ ಅನ್ನೋ ಮೂರು ಹೆಸರನ್ನ ಅಮೆರಿಕಾದಲ್ಲಿ ಟ್ರೇಡ್‌ಮಾರ್ಕ್ ಮಾಡಿಸೋಕೆ ಅರ್ಜಿ ಹಾಕ್ತು. ಅಲ್ಲಿನ ಕಾಫಿ ವ್ಯಾಪಾರಿಗಳ ಸಂಘ ಅಡ್ಡ ಬಂತು. ಸ್ಟಾರ್‌ಬಕ್ಸ್ ಜೊತೆ ಜಟಾಪಟಿ ನಡೀತು, ಆಕ್ಸ್‌ಫಾಮ್ ಇಥಿಯೋಪಿಯಾದ ಪರ ಪ್ರಚಾರಕ್ಕೆ ಇಳೀತು. ಕೊನೆಗೆ 2007ರಲ್ಲಿ ಸ್ಟಾರ್‌ಬಕ್ಸ್ ಒಪ್ಪಂದಕ್ಕೆ ಬಂತು.

ಅವರು ಜಿಐ ಬಿಟ್ಟು ಟ್ರೇಡ್‌ಮಾರ್ಕ್ ದಾರಿ ಹಿಡಿದದ್ದು ಯಾಕೆ ಗೊತ್ತಾ? ಅಲ್ಲಿ ಲಕ್ಷಾಂತರ ಪುಟ್ಟ ಪುಟ್ಟ ರೈತರು. ಪ್ರತಿ ಚೀಲವೂ ಇದೇ ಊರಿಂದಲೇ ಬಂತಾ ಅಂತ ಸರ್ಕಾರ ಕಾವಲು ಕಾಯೋಕಾಗಲ್ಲ. ಹೆಸರಿನ ಒಡೆತನ ಇಟ್ಟುಕೊಂಡು, ರಾಯಲ್ಟಿ ಕೂಡ ಕೇಳದೆ, ಹೆಸರು ಬಳಸುವವರಿಗೆ ಲೈಸೆನ್ಸ್ ಕೊಡೋದು ಸುಲಭ. ತಮ್ಮ ಪರಿಸ್ಥಿತಿ ಏನು ಅಂತ ನೋಡಿ, ಅದಕ್ಕೆ ಹೊಂದೋ ದಾರಿ ಹುಡುಕಿದ್ರು. ಇದಕ್ಕೆ ನಾನು ಪ್ಲಾನ್ ಅಂತೀನಿ. ಬಾಣ ಬಿಟ್ಟ ನಕ್ಷೆಗಲ್ಲ.

ಇನ್ನು ಕೊಲಂಬಿಯಾ. ಅಲ್ಲಿ 1927ರಲ್ಲೇ ಬೆಳೆಗಾರರ ಒಕ್ಕೂಟ ಆಯ್ತು. 1950ರ ದಶಕದ ಕೊನೆಗೆ ನ್ಯೂಯಾರ್ಕಿನ ಒಂದು ಜಾಹೀರಾತು ಕಂಪನಿ ಅವರಿಗಾಗಿ ಹ್ವಾನ್ ವಾಲ್ಡೆಸ್ ಅನ್ನೋ ಬೆಳೆಗಾರನ ಪಾತ್ರ ಸೃಷ್ಟಿ ಮಾಡ್ತು. ತಲೆಗೆ ಹ್ಯಾಟು, ಹೆಗಲಿಗೆ ಕಂಬಳಿ, ಪಕ್ಕದಲ್ಲೊಂದು ಹೇಸರಗತ್ತೆ. ಆ ಪಾತ್ರ ಮಾಡಿದವರಲ್ಲಿ ಎರಡನೆಯವರಾದ ಕಾರ್ಲೋಸ್ ಸಾಂಚೆಸ್, 1969ರಿಂದ 2006ರವರೆಗೆ ಅದನ್ನೇ ಮಾಡಿದರು. ಮೂವತ್ತೇಳು ವರ್ಷ ಒಬ್ಬನೇ ಮನುಷ್ಯ! ನಮ್ಮಲ್ಲಿ ಒಂದು ನಿಗಮದ ಎಂಡಿ ಮೂರು ವರ್ಷ ಒಂದೇ ಕುರ್ಚಿಯಲ್ಲಿ ಕೂತ್ರೆ ಆಶ್ಚರ್ಯ.

ಜನ ಆ ಹ್ಯಾಟು ಮತ್ತು ಹೇಸರಗತ್ತೆ ನೋಡಿ "ಎಂಥ ಒಳ್ಳೆ ಜಾಹೀರಾತು" ಅಂತಾರೆ. ಅಸಲಿ ಕೆಲಸ ಆದದ್ದು ಜಾಹೀರಾತಿನ ಹಿಂದೆ. ಒಂದು, ಆ ಖರ್ಚಿಗೆ ದುಡ್ಡು ಬಂದದ್ದು ರಫ್ತಾದ ಕಾಫಿಯ ಮೇಲಿನ ಲೆವಿಯಿಂದ. ಅಂದ್ರೆ ಬೆಳೆಗಾರರ ಸ್ವಂತ ದುಡ್ಡು, ಪ್ರತಿ ವರ್ಷ ಬರೋ ದುಡ್ಡು. ಎರಡು, ನೂರಕ್ಕೆ ನೂರು ಕೊಲಂಬಿಯಾದ ಕಾಫಿ ಇದ್ರೆ ಮಾತ್ರ ರೋಸ್ಟರ್ ತನ್ನ ಪೊಟ್ಟಣದ ಮೇಲೆ ಆ ಮುದ್ರೆ ಹಾಕಬಹುದು ಅನ್ನೋ ಷರತ್ತು. ಈ ಷರತ್ತಿನಿಂದಲೇ ಅಮೆರಿಕಾದ ಗೃಹಿಣಿ ಅಂಗಡಿಯಲ್ಲಿ ಪೊಟ್ಟಣ ತಿರುಗಿಸಿ ಮುದ್ರೆ ಹುಡುಕೋಕೆ ಶುರು ಮಾಡಿದ್ದು. 2007ರಲ್ಲಿ ಯುರೋಪಿಯನ್ ಒಕ್ಕೂಟ ಅದಕ್ಕೆ ಜಿಐ ರಕ್ಷಣೆ ಕೊಡ್ತು. ಯುರೋಪಿನ ಹೊರಗಿನ ಸರಕೊಂದಕ್ಕೆ ಅಲ್ಲಿ ಆ ಮನ್ನಣೆ ಸಿಕ್ಕಿದ್ದು ಅದೇ ಮೊದಲು.

ಲೋಗೋ ಎಲ್ಲಕ್ಕಿಂತ ಕೊನೆಗೆ ಬಂತು ಸ್ವಾಮಿ, ಮೊದಲಲ್ಲ.

*

ಈಗ ನಮ್ಮ ಮನೆ ಕಡೆ ಬರೋಣ.

ಭಾರತದ ಕಾಫಿಯಲ್ಲಿ ನೂರಕ್ಕೆ ಎಪ್ಪತ್ತರಷ್ಟು ಕರ್ನಾಟಕದ್ದು. ಕೊಡಗು, ಚಿಕ್ಕಮಗಳೂರು, ಹಾಸನ. ದೇಶದಲ್ಲಿ ಬೆಳೆದದ್ದರಲ್ಲಿ ಮೂರನೇ ಎರಡು ಭಾಗ ಹಡಗು ಹತ್ತಿ ಹೋಗುತ್ತೆ. 2024-25ರಲ್ಲಿ ರಫ್ತಿನಿಂದ ಬಂದದ್ದು ಸುಮಾರು 180 ಕೋಟಿ ಡಾಲರ್. ಬೆಳೆಗಾರರಲ್ಲಿ ನೂರಕ್ಕೆ ತೊಂಬತ್ತೆಂಟಕ್ಕೂ ಹೆಚ್ಚು ಜನ ಹತ್ತು ಹೆಕ್ಟೇರಿಗಿಂತ ಕಡಿಮೆ ತೋಟದವರು. ಅತಿ ಹೆಚ್ಚು ಕೊಳ್ಳುವ ದೇಶ ಎಷ್ಟೋ ವರ್ಷದಿಂದ ಇಟಲಿ.

ಇಟಲಿಗೆ ಹೋದ ಮೇಲೆ ಏನಾಗುತ್ತೆ? ಎಸ್ಪ್ರೆಸೋ ಬ್ಲೆಂಡಿಗೆ ಸೇರುತ್ತೆ. ನಮ್ಮ ರೋಬಸ್ಟಾ ಹಾಕಿದ್ರೆ ಲೋಟದ ಮೇಲೆ ಗಟ್ಟಿ ನೊರೆ ನಿಲ್ಲುತ್ತೆ, ಬಾಯಲ್ಲಿ ತೂಕ ಬರುತ್ತೆ ಅಂತ ಅಲ್ಲಿಯ ರೋಸ್ಟರುಗಳಿಗೆ ಚೆನ್ನಾಗಿ ಗೊತ್ತು. ಕುಡಿಯುವವನಿಗೆ ಗೊತ್ತಾ? ಇಲ್ಲ. ಅವನ ಪಾಲಿಗೆ ಅದು "ಇಟಾಲಿಯನ್ ಕಾಫಿ". ಇಟಲಿಯಲ್ಲಿ ಒಂದು ಕಾಫಿ ತೋಟ ತೋರಿಸಿ ನೋಡೋಣ? ಬೆಳೆಯದ ದೇಶದ ಹೆಸರು ಪೊಟ್ಟಣದ ಮೇಲೆ, ಬೆಳೆದ ಊರಿನ ಹೆಸರು ಕ್ಯೂರಿಂಗ್ ವರ್ಕ್ಸಿನ ಗೇಟಿನ ತನಕ.

ಗೇಟಿನ ತನಕ ಅಂದದ್ದು ಮಾತಿನ ಅಲಂಕಾರಕ್ಕಲ್ಲ. ನಮ್ಮಣ್ಣ ಕಣದಲ್ಲಿ ಒಣಗಿಸಿದ ಚೆರ್ರಿ 50 ಕೆಜಿ ಮೂಟೆಯಲ್ಲಿ ವ್ಯಾಪಾರಿಯ ಹತ್ತಿರ ಹೋಗುತ್ತೆ. ಅವನು ಔಟ್‌ಟರ್ನ್ ನೋಡ್ತಾನೆ, ತೇವ ನೋಡ್ತಾನೆ, ಅವತ್ತಿನ ರೇಟು ಕೊಡ್ತಾನೆ. ಅಲ್ಲಿಂದ ಕ್ಯೂರಿಂಗ್ ವರ್ಕ್ಸಿಗೆ. ಅಲ್ಲಿ ಹತ್ತಾರು ತೋಟದ ಬೀಜ ಒಂದಾಗಿ, ಗಾತ್ರದ ಮೇಲೆ ಎಬಿ, ಪಿಬಿ, ಸಿ ಅಂತ ಬೇರೆ ಬೇರೆ ಆಗುತ್ತೆ. ನಾನು ಎಷ್ಟೋ ವರ್ಷ ಟೈಪ್ ಮಾಡಿದ ಇನ್‌ವಾಯ್ಸುಗಳಲ್ಲಿ ಇದ್ದದ್ದು ಇಷ್ಟೇ: ಇಂಡಿಯಾ, ರೋಬಸ್ಟಾ ಚೆರ್ರಿ ಎಬಿ, ಇಷ್ಟು ಮೂಟೆ. ಮೂಡಿಗೆರೆಯೂ ಇಲ್ಲ, ಕೊಪ್ಪವೂ ಇಲ್ಲ, ಸಕಲೇಶಪುರವೂ ಇಲ್ಲ.

ಹಾಗಂತ ನಮಗೆ ಹೆಸರೇ ಇರಲಿಲ್ಲ ಅಂದ್ಕೋಬೇಡಿ. "ಮೈಸೂರು" ಅನ್ನೋದು ಯುರೋಪಿನ ಹಳೇ ಕಾಫಿ ವ್ಯಾಪಾರಿಗಳಿಗೆ ಗೊತ್ತಿದ್ದ ಹೆಸರು. ಮಾನ್ಸೂನ್ಡ್ ಮಲಬಾರ್ ಕಥೆ ಕೇಳಿದ್ದೀರಾ? ಹಿಂದೆ ಹಾಯಿ ಹಡಗು ಆಫ್ರಿಕಾ ಸುತ್ತಿ ಹೋಗೋಕೆ ತಿಂಗಳುಗಟ್ಟಲೆ ಹಿಡೀತಿತ್ತು. ಸಮುದ್ರದ ತೇವ ಕುಡಿದು ಬೀಜ ಊದಿಕೊಂಡು, ಹಸಿರು ಹೋಗಿ ಹೊನ್ನಿನ ಬಣ್ಣಕ್ಕೆ ತಿರುಗ್ತಿತ್ತು. ಹುಳಿ ಸತ್ತು ಮೆತ್ತನೆ ರುಚಿ ಬರ್ತಿತ್ತು. ಅಲ್ಲಿಯವರ ನಾಲಿಗೆ ಅದಕ್ಕೇ ಒಗ್ಗಿಹೋಯ್ತು. 1869ರಲ್ಲಿ ಸೂಯೆಜ್ ಕಾಲುವೆ ತೆರೀತು, ದಾರಿ ಹತ್ತಿರ ಆಯ್ತು, ಬೀಜ ಹಸಿರಾಗೇ ತಲುಪೋಕೆ ಶುರುವಾಯ್ತು. "ನಮ್ಮ ಹಳೇ ಕಾಫಿ ಎಲ್ಲಿ?" ಅಂತ ಕೇಳೋರು ಹುಟ್ಟಿಕೊಂಡ್ರು.

ನಮ್ಮ ಕರಾವಳಿಯವರು ಆಗ ಬುದ್ಧಿ ಓಡಿಸಿದ್ರು ನೋಡಿ! ಮಳೆಗಾಲದಲ್ಲಿ ಗೋಡೆಯಿಲ್ಲದ ಉಗ್ರಾಣದಲ್ಲಿ ಬೀಜ ಹರವಿ, ಆಗಾಗ ಕೈಯಾಡಿಸಿ, ಮತ್ತೆ ಸಡಿಲವಾಗಿ ಚೀಲಕ್ಕೆ ತುಂಬಿ, ಅರಬ್ಬೀ ಸಮುದ್ರದ ಗಾಳಿಗೆ ಒಡ್ಡಿ ಅದೇ ರುಚಿ ತಂದ್ರು. ಮಂಗಳೂರಿನ ಕ್ಯೂರಿಂಗ್ ವರ್ಕ್ಸುಗಳಲ್ಲಿ ಇವತ್ತಿಗೂ ಜೂನ್ ಬಂದ್ರೆ ಈ ಕೆಲಸ ಶುರು. ದೋಷ ಅನ್ನಬಹುದಾದ ಗುಣವೊಂದು ಪ್ರಪಂಚದ ಕಾಫಿ ಪಟ್ಟಿಯಲ್ಲಿ ಸ್ವಂತ ಹೆಸರು ಪಡ್ಕೊಂಡಿತು. ಅದಕ್ಕೆ ಜಿಐ ಕೂಡ ಇದೆ.

ಇದರಲ್ಲಿ ಕನ್ಸಲ್ಟೆಂಟ್ ಇಲ್ಲ, ಸ್ಲೈಡಿಲ್ಲ. ಮೂರೇ ಮೂರು ವಿಷಯ ಇತ್ತು. ಕೊಳ್ಳುವವನು ಯಾರು ಅಂತ ಗೊತ್ತಿತ್ತು. ಅವನ ನಾಲಿಗೆಗೆ ಏನು ಬೇಕು ಅಂತ ಗೊತ್ತಿತ್ತು. ಅದನ್ನ ಪ್ರತಿ ವರ್ಷ ತಪ್ಪದೆ ಕೊಡೋ ಜಾಗ ಮತ್ತು ಕೈ ಎರಡೂ ಇತ್ತು. ಅಂತರರಾಷ್ಟ್ರೀಯ ಮಾರ್ಕೆಟಿಂಗ್ ಪ್ಲಾನ್ ಅಂದ್ರೆ ಇದೇ ಕಣ್ರೀ, ಇದಕ್ಕಿಂತ ದೊಡ್ಡದೇನಲ್ಲ.

ಮತ್ತೆ ಉಳಿದ ಕಾಫಿಗೆ ಯಾಕೆ ಹೀಗಾಗಲಿಲ್ಲ? ಇತಿಹಾಸದ ಪಾಲು ಇದೆ. ಕಾಫಿ ಬೋರ್ಡಿನ ಹಿಂದಿರೋ 1942ರ ಕಾಯ್ದೆಗೆ ಮೊದಲು ಇದ್ದ ಹೆಸರೇ "ಕಾಫಿ ಮಾರುಕಟ್ಟೆ ವಿಸ್ತರಣಾ ಕಾಯ್ದೆ". ಆದ್ರೆ ಆದದ್ದೇನು? ಬೆಳೆದದ್ದನ್ನೆಲ್ಲ ಪೂಲಿಗೆ ಕೊಡು, ಬೋರ್ಡು ಹರಾಜು ಹಾಕುತ್ತೆ, ನಿನ್ನ ದುಡ್ಡು ಕಂತಿನಲ್ಲಿ ಬರುತ್ತೆ. ರಷ್ಯಾಕ್ಕೆ ರೂಪಾಯಿ ಲೆಕ್ಕದಲ್ಲಿ ಹೋಗ್ತಿತ್ತು. ಯುದ್ಧಕಾಲದಲ್ಲಿ ಮಾರುಕಟ್ಟೆ ಮುಚ್ಚಿದಾಗ ಈ ಪೂಲು ಬೆಳೆಗಾರರ ಜೀವ ಉಳಿಸಿತು ಅನ್ನೋದನ್ನ ಒಪ್ಪಲೇಬೇಕು. ಆದರೆ ಐವತ್ತು ವರ್ಷ ಬೆಳೆಗಾರನಿಗೂ ಕುಡಿಯುವವನಿಗೂ ಮುಖಾಮುಖಿಯೇ ಇಲ್ಲದ ಹಾಗೆ ಮಾಡಿದ್ದೂ ಅದೇ. 1990ರ ದಶಕದ ಮಧ್ಯದ ಹೊತ್ತಿಗೆ ಮಾರುಕಟ್ಟೆ ಪೂರ್ತಿ ಮುಕ್ತ ಆಯ್ತು. ಬಾಗಿಲು ತೆರೀತು, ಆದರೆ ಹೊರಗೆ ಯಾರ ಮನೆ ಎಲ್ಲಿದೆ ಅಂತ ನಮಗೆ ಗೊತ್ತೇ ಇರಲಿಲ್ಲ.

2019ರಲ್ಲಿ ಕೊಡಗು ಅರೇಬಿಕಾ, ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾ ಮೂರಕ್ಕೂ ಜಿಐ ಬಂತು. ಪೇಪರಿನಲ್ಲಿ ಫೋಟೋ ಬಂತು. ಸಂತೋಷ. ಆದರೆ ಇಲ್ಲಿ ಸಿಕ್ಕ ಜಿಐ ಯುರೋಪಿನಲ್ಲಿ ತಾನಾಗಿ ನಡೆಯಲ್ಲ. ಅಲ್ಲಿ ಬೇರೆ ಅರ್ಜಿ, ಬೇರೆ ಹೋರಾಟ. ಡಾರ್ಜಿಲಿಂಗ್ ಚಹಾದವರು ಹಾಗೆ ಹೋರಾಡಿ 2011ರಲ್ಲಿ ಯುರೋಪಿನ ರಕ್ಷಣೆ ಪಡೆದರು. ಅರಕು ಕಣಿವೆಯ ಆದಿವಾಸಿ ಬೆಳೆಗಾರರ ಕಾಫಿ 2017ರಲ್ಲಿ ಪ್ಯಾರಿಸ್ಸಿನಲ್ಲಿ ಅರಕು ಅನ್ನೋ ಹೆಸರಲ್ಲೇ ಅಂಗಡಿ ತೆರೀತು. ಕಾಫಿ ಚರಿತ್ರೆಯಲ್ಲಿ ನಮಗಿಂತ ಎಷ್ಟೋ ಹೊಸಬರು ಅವರು. ಯಾರೂ ಅವರಿಗೆ "ಅರಕು ಬೇಡ, ಮಂಜು ಬೆಟ್ಟ ಅಂತ ಇಡಿ" ಅನ್ನಲಿಲ್ಲ, ಅಥವಾ ಅಂದ್ರೂ ಅವರು ಕೇಳಲಿಲ್ಲ.

*

"ಹೆಸರಿಂದ ಹೊಟ್ಟೆ ತುಂಬುತ್ತಾ?" ಅಂತ ನಮ್ಮಣ್ಣನೇ ಕೇಳಿದ. ನ್ಯಾಯವಾದ ಪ್ರಶ್ನೆ. ಲೆಕ್ಕ ಹಾಕೋಣ.

ನಮ್ಮ ಕಾಫಿಗೆ ಬೆಲೆ ಕಟ್ಟೋದು ನಾವಲ್ಲ. ಅರೇಬಿಕಾಕ್ಕೆ ನ್ಯೂಯಾರ್ಕ್, ರೋಬಸ್ಟಾಕ್ಕೆ ಲಂಡನ್. ಬ್ರೆಜಿಲಿನಲ್ಲಿ ಹಿಮ ಬಿದ್ರೆ ನಮಗೆ ಹಬ್ಬ, ವಿಯೆಟ್ನಾಮಿನಲ್ಲಿ ಬೆಳೆ ಚೆನ್ನಾಗಿ ಬಂದ್ರೆ ನಮಗೆ ಸೂತಕ. ಕೊಳ್ಳುವವನು ಆ ರೇಟಿನ ಮೇಲೆ ಇಷ್ಟು ಸೆಂಟ್ ಹೆಚ್ಚು, ಇಷ್ಟು ಡಾಲರ್ ಕಡಿಮೆ ಅಂತ ಮಾತಾಡ್ತಾನೆ. 2001ರಲ್ಲಿ ಅರೇಬಿಕಾ ಪೌಂಡಿಗೆ 50 ಸೆಂಟಿಗಿಂತ ಕೆಳಗೆ ಬಿದ್ದಿತ್ತು. ಆ ವರ್ಷಗಳಲ್ಲಿ ಮಲೆನಾಡಿನ ಮನೆಗಳಲ್ಲಿ ಏನೇನಾಯ್ತು ಅಂತ ನಾನು ಇಲ್ಲಿ ಬರೆಯೋದು ಬೇಡ, ಗೊತ್ತಿದ್ದವರಿಗೆ ಗೊತ್ತು. 2025ರ ಫೆಬ್ರವರಿಯಲ್ಲಿ ಅದೇ ಅರೇಬಿಕಾ 4 ಡಾಲರ್ ದಾಟಿ ದಾಖಲೆ ಬರೀತು.

ಆ ದಾಖಲೆ ಬೆಲೆಯನ್ನೇ ತಗೊಳ್ಳಿ. ಪೌಂಡಿಗೆ 4 ಡಾಲರ್ ಅಂದ್ರೆ ಕೆಜಿಗೆ ಸುಮಾರು 8.80 ಡಾಲರ್. ಒಂದು ಕೆಜಿ ಹಸಿರು ಬೀಜ ಹುರಿದ್ರೆ ಆರನೇ ಒಂದು ಭಾಗ ಆವಿಯಾಗಿ ಹೋಗುತ್ತೆ, 830 ಗ್ರಾಂ ಉಳಿಯುತ್ತೆ. ಒಂದು ಎಸ್ಪ್ರೆಸೋಗೆ 7 ಗ್ರಾಂ ಅಂದ್ರೂ 118 ಲೋಟ. ಅಂದ್ರೆ ಚರಿತ್ರೆಯಲ್ಲೇ ಅತಿ ಹೆಚ್ಚು ಬೆಲೆ ಇದ್ದ ದಿನವೂ ಒಂದು ಲೋಟದಲ್ಲಿ ಬೀಜದ ಪಾಲು ಏಳೆಂಟು ಸೆಂಟು! ಇಟಲಿಯ ಬಾರಿನಲ್ಲಿ ಅದೇ ಲೋಟ ಒಂದು ಯೂರೋಗಿಂತ ಹೆಚ್ಚು.

ಉಳಿದದ್ದೆಲ್ಲ ಲೂಟಿ ಅಂತ ನಾನು ಕೂಗಲ್ಲ. ಬಾಡಿಗೆ ಇದೆ, ಸಂಬಳ ಇದೆ, ಮೆಷಿನ್ನಿದೆ, ತೆರಿಗೆ ಇದೆ. ನಾನು ಹೇಳೋದು ಬೇರೆ. ರೋಸ್ಟರ್ ನಮಗೆ ಎರಡು ಪಟ್ಟು ಬೆಲೆ ಕೊಟ್ರೂ ಅವನ ಲೋಟದ ಖರ್ಚು ಹೆಚ್ಚೋದು ಏಳೆಂಟು ಸೆಂಟು ಮಾತ್ರ. ಅಷ್ಟು ಹೆಚ್ಚು ಕೊಡೋಕೆ ಸಿದ್ಧ ಇರೋ ಕುಡಿಯುವವರು ಪ್ರಪಂಚದಲ್ಲಿ ಬೇಕಾದಷ್ಟಿದ್ದಾರೆ. ಆದರೆ ಅವನು ಯಾಕೆ ಕೊಡಬೇಕು? "ಇಂಡಿಯಾ, ಚೆರ್ರಿ ಎಬಿ" ನೀವು ಕೊಡದಿದ್ರೆ ಪಕ್ಕದವನು ಕೊಡ್ತಾನೆ. ಅದೇ ಅವನ ಪೊಟ್ಟಣದ ಮೇಲೆ ಒಂದು ಊರಿನ ಹೆಸರಿದ್ದು, ಗಿರಾಕಿ ಅದನ್ನೇ ಕೇಳಿ ಬರೋ ಹಾಗಿದ್ರೆ, ಮರುವರ್ಷ ಅವನು ಆ ಊರಿಗೇ ಬರಬೇಕು. ಹೆಸರಿಂದ ಹೊಟ್ಟೆ ತುಂಬೋದು ಹೀಗೆ.

*

ಹಾಗಾದ್ರೆ ಪ್ಲಾನಿನಲ್ಲಿ ಏನಿರಬೇಕು? ಬರೀ ಬಯ್ದು ಹೋಗೋದು ಸರಿಯಲ್ಲ, ಅದಕ್ಕೆ ನಾನು ಅವತ್ತು ಬಿಳಿ ಹಾಳೆಯ ಮೇಲೆ ಬರೆದುಕೊಟ್ಟ ಐದು ಪ್ರಶ್ನೆ ಇಲ್ಲಿ ಇಡ್ತೀನಿ. ಕಾಫಿಗೆ ಮಾತ್ರ ಅಲ್ಲ, ಹೊರದೇಶಕ್ಕೆ ಏನು ಮಾರೋರಿಗಾದ್ರೂ ಉಪಯೋಗಕ್ಕೆ ಬರಬಹುದು.

1. ಯಾರಿಗೆ? "ಯುರೋಪ್" ಗಿರಾಕಿ ಅಲ್ಲ. ಸಾವಿರಾರು ಟನ್ ಕೊಂಡು ಬ್ಲೆಂಡ್ ಮಾಡೋ ಮಿಲಾನಿನ ರೋಸ್ಟರ್ ಬೇರೆ, ವರ್ಷಕ್ಕೆ ಹದಿನೈದು ಮೂಟೆ ಕೊಂಡು ತೋಟದ ಹೆಸರು ಹಾಕಿ ಮಾರೋ ನಾರ್ವೆಯ ಸಣ್ಣ ರೋಸ್ಟರ್ ಬೇರೆ. ಏಳೆಂಟು ಜನರ ಗುಂಪಿಗೆ ಬೇಕಾದದ್ದು ಎರಡನೆಯವನು. ಒಂದೇ ದೇಶ ಹಿಡೀರಿ, ಅಲ್ಲಿ ಇಪ್ಪತ್ತು ಹೆಸರಿನ ಪಟ್ಟಿ ಮಾಡಿ, ಅರ್ಧ ಕೆಜಿ ಸ್ಯಾಂಪಲ್ ಕಳಿಸಿ.

2. ಎಷ್ಟು? 20 ಅಡಿಯ ಒಂದು ಕಂಟೇನರಿಗೆ 60 ಕೆಜಿಯ 320 ಚೀಲ, ಅಂದ್ರೆ 19 ಟನ್ ಚಿಲ್ಲರೆ. ಹತ್ತು ಎಕರೆ ಅರೇಬಿಕಾದಲ್ಲಿ ಸಾಧಾರಣ ವರ್ಷ ಎರಡು ಟನ್ ಬಂದ್ರೆ ಹೆಚ್ಚು. ಒಂದು ಕಂಟೇನರ್ ತುಂಬೋಕೆ ಅಂಥ ಒಂಬತ್ತು ಹತ್ತು ತೋಟ ಒಂದಾಗಬೇಕು. ಒಂದಾಗೋದು ಅಂದ್ರೆ ಫೋಟೋಗೆ ನಿಲ್ಲೋದಲ್ಲ. ಒಂದೇ ದಿನ ಹಣ್ಣು ಕೊಯ್ದು, ಒಂದೇ ರೀತಿ ಪಲ್ಪ್ ಮಾಡಿ, ಒಂದೇ ತೇವಕ್ಕೆ ಒಣಗಿಸೋದು. ಈ ಶಿಸ್ತು ಇಲ್ಲದಿದ್ರೆ ಪ್ಲಾನಿನ ಉಳಿದ ಪುಟ ತಿರುಗಿಸೋದೇ ಬೇಡ.

3. ಎಷ್ಟಕ್ಕೆ? ನಿಮ್ಮ ಖರ್ಚಿನ ಲೆಕ್ಕ ಮೊದಲು. ಕೊಯ್ಲಿನ ಕೂಲಿ, ಗೊಬ್ಬರ, ನೆರಳು ಕಪಾತು, ಕ್ಯೂರಿಂಗ್, ಮಂಗಳೂರು ಬಂದರಿನ ತನಕ ಲಾರಿ. ಅದರ ಮೇಲೆ ನಿಮ್ಮ ಲಾಭ. ಇದಕ್ಕಿಂತ ಕೆಳಗೆ ಹೆಸರಿಟ್ಟು ಮಾರಲ್ಲ ಅನ್ನೋ ಒಂದು ಗೆರೆ. ನ್ಯೂಯಾರ್ಕ್ ಏರಲಿ ಇಳಿಯಲಿ, ಮೂರು ವರ್ಷಕ್ಕೆ ಒಂದೇ ಬೆಲೆ ಒಪ್ಪೋ ಗಿರಾಕಿ ಸಿಕ್ರೆ ಅವನ ಕೈ ಬಿಡಬೇಡಿ.

4. ದುಡ್ಡು ಯಾವಾಗ? ಎಫ್‌ಓಬಿಯಾ, ಸಿಐಎಫ್‌ಆ? ಎಲ್‌ಸಿ ತೆರೀತಾನಾ, ಇಲ್ಲಾ ಸರಕು ಮುಟ್ಟಿದ ಮೇಲೆ ಕೊಡ್ತಾನಾ? 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾಗಿ, 2024ರಲ್ಲಿ ಯುರೋಪಿನ ಹಡಗುಗಳು ಮತ್ತೆ ಆಫ್ರಿಕಾ ಸುತ್ತಿ ಹೋದವು, ಹಾಯಿ ಹಡಗಿನ ಕಾಲದ ಹಾಗೆ. ಬಾಡಿಗೆ ಏರಿತು, ವಾರಗಟ್ಟಲೆ ತಡ ಆಯ್ತು. ಆ ಏರಿದ ಬಾಡಿಗೆ ಯಾರ ತಲೆಗೆ, ಆ ವಾರಗಳ ಬಡ್ಡಿ ಯಾರ ತಲೆಗೆ ಅಂತ ಒಪ್ಪಂದದಲ್ಲಿ ಬರೆಯದಿದ್ರೆ ಅದು ಬೆಳೆಗಾರನ ತಲೆಗೇ ಬರೋದು.

5. ಯಾರ ಹೆಸರು? ಪೊಟ್ಟಣದ ಮೇಲೆ ಊರಿನ ಹೆಸರು ಹಾಕ್ತೀನಿ ಅಂತ ಬರೆದುಕೊಟ್ರೆ ಮಾತ್ರ ಈ ಲಾಟ್. ಇಲ್ಲಾಂದ್ರೆ ಮಾಮೂಲಿ ರೇಟಿಗೆ ಮಾಮೂಲಿ ವ್ಯಾಪಾರಿ ಇದ್ದೇ ಇದ್ದಾನೆ.

ಐದನೇದನ್ನ ಓದಿ ಒಬ್ಬರು "ಅಷ್ಟು ಜಂಭ ಮಾಡಿದ್ರೆ ಯಾರು ಕೊಳ್ತಾರೆ?" ಅಂದ್ರು. ಇಡೀ ಬೆಳೆಯಲ್ಲಿ ಹತ್ತರಲ್ಲಿ ಒಂದು ಪಾಲನ್ನ ಈ ಜಂಭಕ್ಕೆ ಇಡಿ ಸಾಕು. ಉಳಿದ ಒಂಬತ್ತು ಇಟಲಿಯ ಬ್ಲೆಂಡಿಗೇ ಹೋಗಲಿ, ಅದರಲ್ಲಿ ಅವಮಾನ ಏನಿಲ್ಲ, ಮನೆ ನಡೆಯೋದು ಅದರಿಂದಲೇ. ಆದರೆ ಆ ಒಂದು ಪಾಲು ನಾಳೆಗೆ.

*

ಇನ್ನು ಕೆಲವು ವಾದಗಳಿಗೆ ಉತ್ತರ.

"ಇಲ್ಲೇ ಹುರಿದು ಪುಡಿ ಮಾಡಿ ಕಳಿಸಿದ್ರೆ ಲಾಭ ಎಲ್ಲ ನಮ್ಗೇ ಅಲ್ವಾ?" ಕೇಳೋಕೆ ಚೆಂದ. ಹಸಿರು ಬೀಜ ತಿಂಗಳುಗಟ್ಟಲೆ ಕೆಡಲ್ಲ, ಹುರಿದದ್ದು ಕೆಲವೇ ವಾರದಲ್ಲಿ ಪರಿಮಳ ಕಳ್ಕೊಳ್ಳುತ್ತೆ, ಹಡಗಿನಲ್ಲೇ ಹಳಸುತ್ತೆ. ಸಾಲದ್ದಕ್ಕೆ ಯುರೋಪು ಹಸಿರು ಬೀಜಕ್ಕೆ ಸುಂಕ ಹಾಕದೆ ಹುರಿದದ್ದಕ್ಕೆ ಹಾಕಿಕೊಂಡು ಬಂದಿದೆ. ಕೊಲಂಬಿಯಾ, ಇಥಿಯೋಪಿಯಾ ಎರಡೂ ಹೆಸರು ಮಾಡಿದ್ದು ಹಸಿರು ಬೀಜದಲ್ಲೇ. ಹುರಿಯೋದು ಅವರೇ ಹುರೀಲಿ, ಹೆಸರು ನಮ್ಮದಿರಲಿ.

"ಈಗ ರೇಟು ಚೆನ್ನಾಗಿ ಸಿಕ್ತಿದೆಯಲ್ಲ, ಇದೆಲ್ಲ ಯಾಕೆ?" ನನಗೆ ಅತಿ ಹೆಚ್ಚು ಸಿಟ್ಟು ಬರೋದು ಈ ಮಾತಿಗೆ. ರೇಟು ಇದ್ದಾಗ ಪ್ಲಾನ್ ಬೇಡ, ರೇಟು ಬಿದ್ದಾಗ ಪ್ಲಾನಿಗೆ ದುಡ್ಡಿಲ್ಲ. 1994ರಲ್ಲಿ ಬ್ರೆಜಿಲಿನ ಹಿಮದಿಂದ ರೇಟು ಏರಿದಾಗ ಜೀಪು ಬಂತು, ಮನೆಗೆ ಎರಡನೇ ಅಂತಸ್ತು ಬಂತು. ಏಳು ವರ್ಷಕ್ಕೆ ಏನಾಯ್ತು ಅಂತ ಮೇಲೆ ಹೇಳಿದ್ದೀನಿ. ಈ ಸಲದ ಏರಿಕೆಯ ದುಡ್ಡಿನಲ್ಲಿ ಸ್ವಲ್ಪವಾದ್ರೂ ಹೆಸರಿನ ಕೆಲಸಕ್ಕೆ ಎತ್ತಿಡದಿದ್ರೆ ಮುಂದಿನ ಸಲ ತೋಟ ಹೋಗಿ ರೆಸಾರ್ಟ್ ಬರೋದು ಗ್ಯಾರಂಟಿ.

"ಇದೆಲ್ಲ ಸರ್ಕಾರ ಮಾಡಬೇಕು." ಹೌದು, ಮಾಡಬೇಕು. ಯುರೋಪಿನಲ್ಲಿ ಜಿಐ ಕೇಳಿ ಹೋರಾಡೋದು, ಅಮೆರಿಕಾದಲ್ಲಿ ಹೆಸರು ಕಾಯೋದು ನಮ್ಮ ಏಳೆಂಟು ಜನರ ಕೈಯಲ್ಲಿ ಆಗೋದಲ್ಲ. ಮೇಳಗಳಲ್ಲಿ ಮಳಿಗೆ ಹಾಕಿ, ಪುಕ್ಕಟೆ ಕಾಫಿ ಹಂಚಿ, ಕರಪತ್ರ ಕೊಟ್ಟು ಬರೋದನ್ನೇ ಮಾರ್ಕೆಟಿಂಗ್ ಅನ್ನೋದು ನಿಲ್ಲಲಿ. ಪ್ರತಿ ಕೆಜಿ ರಫ್ತಿಗೆ ಇಷ್ಟು ಪೈಸೆ ಅಂತ ಎತ್ತಿ, ಅದನ್ನ ಬೆಳೆಗಾರರೇ ಕೂತ ಸಮಿತಿ ಕೈಗೆ ಕೊಟ್ಟು, ಇಪ್ಪತ್ತು ವರ್ಷ ಮುಟ್ಟದೆ ಬಿಡಲಿ.

ಕೊನೇದಾಗಿ ಒಂದು ವಿಷಯ, ಇದು ಎಲ್ಲಕ್ಕಿಂತ ಹೊಟ್ಟೆ ಉರಿಸಿದ್ದು. ಯುರೋಪಿಯನ್ ಒಕ್ಕೂಟ 2023ರಲ್ಲಿ ಒಂದು ಕಾಯ್ದೆ ತಂತು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿ ಅಲ್ಲಿಗೆ ಹೋಗೋ ಹಾಗಿಲ್ಲ. ಅದನ್ನ ಸಾಬೀತು ಮಾಡೋಕೆ ಬೆಳೆದ ಜಾಗದ ಅಕ್ಷಾಂಶ ರೇಖಾಂಶ ಕೊಡಬೇಕು, ನಾಲ್ಕು ಹೆಕ್ಟೇರಿಗಿಂತ ದೊಡ್ಡ ತೋಟವಾದ್ರೆ ಬೇಲಿಯ ಸುತ್ತಳತೆಯ ನಕ್ಷೆಯನ್ನೇ ಕೊಡಬೇಕು. 2024ರ ಕೊನೆಗೆ ಜಾರಿ ಆಗಬೇಕಿತ್ತು, ಎರಡು ಸಲ ಒಂದೊಂದು ವರ್ಷ ಮುಂದಕ್ಕೆ ಹೋಗಿದೆ. ಕಾಡು ಉಳಿಯಲಿ ಅನ್ನೋದಕ್ಕೆ ನನ್ನ ತಕರಾರಿಲ್ಲ. ಮರದ ನೆರಳಲ್ಲಿ ಕಾಫಿ ಬೆಳೆಯೋ ನಮಗೆ ಅದರಲ್ಲಿ ಭಯವೂ ಇರಬಾರದು.

ಆದರೆ ಯೋಚನೆ ಮಾಡಿ. ನಮ್ಮಣ್ಣನ ತೋಟದ ಮೂಲೆ ಮೂಲೆ ಎಲ್ಲಿದೆ ಅಂತ ಇನ್ನು ಮುಂದೆ ಯುರೋಪಿನ ಕಂಪ್ಯೂಟರಿಗೆ ಗೊತ್ತಿರುತ್ತೆ. ಕಾಫಿ ಕುಡಿಯುವವನಿಗೆ ಮಾತ್ರ ಊರಿನ ಹೆಸರೂ ಗೊತ್ತಿರಲ್ಲ! ಲೆಕ್ಕ ಒಪ್ಪಿಸೋಕೆ ನಮ್ಮ ವಿಳಾಸ ಬೇಕು, ಬೆಲೆ ಕೊಡೋಕೆ ಬೇಡ. ಮೂಟೆಯ ಜಾಡು ಹಿಡಿಯೋಕೆ ಹೇಗೂ ಅಷ್ಟೊಂದು ಖರ್ಚು ಮಾಡ್ತೀವಲ್ಲ, ಅದೇ ಜಾಡನ್ನ ಪೊಟ್ಟಣದ ಮೇಲೆ ತರಿಸೋಕೆ ಇದಕ್ಕಿಂತ ಒಳ್ಳೆ ಸಮಯ ಮತ್ತೆ ಸಿಗಲ್ಲ. ಕಾಯ್ದೆಗೆ ಬೇಕು ಅಂತ ತೋಟ ತೋಟದ ಲಾಟ್ ಬೇರೆ ಇಡೋಕೆ ಕ್ಯೂರಿಂಗ್ ವರ್ಕ್ಸಿಗೆ ಸಾಧ್ಯ ಆದ್ರೆ, ಹೆಸರಿಗೆ ಬೇಕು ಅಂತ ಇಡೋಕೆ ಯಾಕಾಗಲ್ಲ?

ಹೊರದೇಶದಲ್ಲಿರೋ ಕನ್ನಡದ ಬ್ಲಾಗಿಗರಿಗೆ ಒಂದು ಕೋರಿಕೆ. ನಿಮ್ಮೂರಿನ ಕಾಫಿ ಅಂಗಡಿಗೆ ಹೋದಾಗ "ಇಂಡಿಯಾದ್ದು ಇದೆಯಾ?" ಅಂತ ಕೇಳಬೇಡಿ. "ಚಿಕ್ಕಮಗಳೂರಿನದು ಇದೆಯಾ, ಕೊಡಗಿನದು ಇದೆಯಾ?" ಅಂತ ಕೇಳಿ. ಅವರು ಮೊದಲ ಸಲ ಏನು ಅಂತಾರೆ, ಎರಡನೇ ಸಲ ಬರೆದುಕೊಳ್ತಾರೆ. ಉಚ್ಚಾರಣೆ ತಪ್ಪಾದ್ರೆ ಆಗಲಿ ಬಿಡಿ, ನಾವೇನು ಎಸ್ಪ್ರೆಸೋ ಅನ್ನೋದನ್ನ ಸರಿಯಾಗಿ ಹೇಳ್ತೀವಾ? :)

ಒಪ್ಪದವರು ಕಮೆಂಟಿನಲ್ಲಿ ಜಗಳಕ್ಕೆ ಬನ್ನಿ. ಲೆಕ್ಕ ಇಟ್ಟುಕೊಂಡು ಬಂದ್ರೆ ಇನ್ನೂ ಸಂತೋಷ.